ಕ್ಯಾಮೆರಾ ಹಿಡಿದ ಸೋದರಮಾವ

ಮದುವೆಯ ಫೋಟೋ ತೆಗೆಯುವುದು ದೊಡ್ಡ ವಿದ್ಯೆಯೇನಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಹುಡುಗ, ಹುಡುಗಿ ಇಬ್ಬರೂ ಎದುರಿಗೇ ಕೂತಿರುತ್ತಾರೆ. ಎಲ್ಲಿಗೂ ಓಡಿಹೋಗುವುದಿಲ್ಲ. ಒತ್ತಲು ಒಂದು ಗುಂಡಿ ಇರುತ್ತದೆ. ಕೊಯಮತ್ತೂರಿನ ಹತ್ತಿರದ ಸೋಮನೂರಿನಲ್ಲಿ ಎಂಟು ಪವರ್‌ಲೂಮ್ ಓಡಿಸುವ, ಮೂವತ್ತು ವರ್ಷದಿಂದ ಬಟ್ಟೆಯಲ್ಲಿ ತಪ್ಪಿದ ಒಂದೊಂದು ಎಳೆಯನ್ನೂ ಕಣ್ಣಲ್ಲೇ ಹಿಡಿಯುವ ನನಗೆ ಒಂದು ಗುಂಡಿ ಒತ್ತಲು ಬಾರದೇ?

ತಂಗಿ ಸರಸುವಿನ ಮಗಳು ಗಾಯತ್ರಿಯ ಮದುವೆ ಗೊತ್ತಾದ ಕೂಡಲೇ ನಾನೊಂದು ಕ್ಯಾಮೆರಾ ಕೊಂಡು ತಂದೆ. ಪೆಟ್ಟಿಗೆ ಬಿಚ್ಚುವಾಗ ನನ್ನ ಹೆಂಡತಿ ರುಕ್ಕು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಇದು ಯಾಕುಂಗ ಇವಾಗ? ಫೋಟೋಕಾರನ್ಗೆ ಹೇಳಿ ಆಗೋಯ್ತಲ್ಲ?”

“ಅವನೂ ತೆಗೀಲಿ, ನಾನೂ ತೆಗೀತೀನಿ. ನಮ್ಮ ಹುಡುಗಿ ಕಲ್ಯಾಣ ಅಲ್ವಾ?”

“ಮಂಗನ ಕೈಲಿ ಮಾಣಿಕ್ಯ,” ಎಂದು ಅವಳು ಅಡುಗೆಮನೆಗೆ ಹೋದಳು. ಮಹತ್ಕಾರ್ಯಗಳಿಗೆ ಮನೆಯಲ್ಲಿ ಪ್ರೋತ್ಸಾಹ ಸಿಗುವುದಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

ಫೋಟೋಕಾರ ಕೊಯಮತ್ತೂರಿನ ಮುರುಗೇಶ. ಮದುವೆಗೆ ಒಂದು ವಾರ ಇರುವಾಗ ಸರಸುವಿನ ಮನೆಗೆ ಬಂದ. ಕ್ಯಾಮೆರಾ ತಂದಿರಲಿಲ್ಲ! ಕಾಫಿ ಕುಡಿಯುತ್ತಾ ತಮಿಳಿನಲ್ಲಿ ಪ್ರಶ್ನೆ ಕೇಳಲು ಶುರು ಮಾಡಿದ. ಹುಡುಗಿಯನ್ನು ಯಾವ ಕೋಣೆಯಲ್ಲಿ ಅಲಂಕಾರ ಮಾಡುತ್ತೀರಿ? ಕಿಟಕಿ ಯಾವ ಕಡೆಗಿದೆ? ಫೋಟೋ ಅಂದರೆ ಮುಖ ತಿರುಗಿಸುವವರು ಯಾರು? ಬೇಗ ಅಳುವವರು ಯಾರು? ಜಾತಕ ನೋಡುವವರೂ ಇಷ್ಟು ಕೇಳುವುದಿಲ್ಲ. ಕೊನೆಗೆ ಗಾಯತ್ರಿಯನ್ನು ಕೇಳಿದ: “ಯಾವ ಒಂದು ಫೋಟೋ ಇಲ್ಲದೆ ಹೋದರೆ ನಿಮಗೆ ಆಲ್ಬಮ್ಮೇ ಬೇಡ ಅನ್ನಿಸುತ್ತೆ?”

ಗಾಯತ್ರಿ ಅಮ್ಮನ ಮುಖ ನೋಡಿದಳು. ಸರಸು ತಮಿಳಿನಲ್ಲೇ ಶುರು ಮಾಡಿದಳು. ಆದರೆ ಎರಡೇ ಮಾತಿಗೆ ಮನೆಯ ಕನ್ನಡಕ್ಕೆ ಬಂದುಬಿಟ್ಟಳು.

“ಇವ್ರಪ್ಪ ಹೋಗಿ ಮೂರು ವರ್ಸ ಆಯ್ತು. ಇವಾಗ ನಮ್ಮಣ್ಣನೇ ಎಲ್ಲ. ತಾಯಿಮಾಮ ಇವಳ ಕೈ ಹಿಡ್ದು ಮಣೆಗೆ ಕರ್ಕೊಂಡು ಬರ್ತಾರಲ್ಲ, ಅದೊಂದು ಸಾಕು. ಇಬ್ಬರ ಮುಖವೂ ಚೆಂದಾಗಿ ಕಾಣ್ಬೇಕು.”

ಗಾಯತ್ರಿ ಅದನ್ನು ತಮಿಳಿನಲ್ಲಿ ಹೇಳಿದಳು. ಮುರುಗೇಶ ಬರೆದುಕೊಂಡ. ನನಗೂ ಕಣ್ಣು ತುಂಬಿತು. ಕಣ್ಣು ತುಂಬಿದ ಹಾಗೆ ಬುದ್ಧಿಯೂ ಬಂದಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಮದುವೆಯ ಹಿಂದಿನ ದಿನ, ಸರಿಯಾಗಿ ಮುಹೂರ್ತದ ಹೊತ್ತಿಗೆ ಅವನು ಖಾಲಿ ಛತ್ರಕ್ಕೆ ಹೋಗಿ ನಿಂತಿದ್ದನಂತೆ. ಬಿಸಿಲು ಎಲ್ಲಿ ಬೀಳುತ್ತದೆಂದು ನೋಡಲು! ಪೂರ್ವದ ಕಿಟಕಿಗೆ ತೆಳ್ಳನೆಯ ಬಿಳಿ ಬಟ್ಟೆ ಕಟ್ಟಬೇಕು, ಇಲ್ಲದಿದ್ದರೆ ಹುಡುಗಿ ಬರುವಾಗ ಕಣ್ಣಿಗೆ ಹೊಡೆಯುತ್ತದೆ ಎಂದು ನನಗೆ ಫೋನ್ ಮಾಡಿದ. ನನ್ನ ಮಗ್ಗದ ಬಟ್ಟೆಯನ್ನೇ ಕಳಿಸಿದೆ. ಇಷ್ಟೊಂದು ತಯಾರಿ ಮಾಡುವವನಿಗೆ ಕೆಲಸ ಬರುವುದಿಲ್ಲವೇನೋ ಎಂಬ ಗಂಭೀರ ಅನುಮಾನ ನನ್ನನ್ನು ಕಾಡಿತು.

ಮದುವೆಯ ದಿನ ಅವನು ಮಾಸಲು ಬಣ್ಣದ ಅಂಗಿ ಹಾಕಿಕೊಂಡು, ಬರಿಗಾಲಲ್ಲಿ, ಕಂಬದ ಮರೆಯಲ್ಲಿ ಓಡಾಡುತ್ತಿದ್ದ. ಅವನಿದ್ದಾನೆಂದೇ ಜನರಿಗೆ ಗೊತ್ತಾಗುತ್ತಿರಲಿಲ್ಲ. ನಾನಿದ್ದೇನೆಂದು ಎಲ್ಲರಿಗೂ ಗೊತ್ತಾಯಿತು.

ನಮ್ಮ ಕಡೆಯ ಅಜ್ಜಿಯೊಬ್ಬರು ಗಾಯತ್ರಿಯ ನೆಟಿಗೆ ತೆಗೆದು ದೃಷ್ಟಿ ನಿವಾಳಿಸುತ್ತಿದ್ದರು. ಮುರುಗೇಶ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕಾಯುತ್ತಿದ್ದ. ನಾನು ನಡುವೆ ನುಗ್ಗಿ, “ಅಜ್ಜೀ, ಇಲ್ಲಿ ನೋಡಿ, ನಗಿ!” ಎಂದೆ. ಅಜ್ಜಿ ನೆಟ್ಟಗೆ ನಿಂತು, ಸೆರಗು ಹೊದ್ದು, ಆಧಾರ್ ಕಾರ್ಡಿಗೆ ಕೊಡುವ ಮುಖ ಕೊಟ್ಟರು.

ಎಲ್ಲ ನೆಂಟರನ್ನೂ ಸಾಲಾಗಿ ನಿಲ್ಲಿಸಿದಾಗ ಹೆಣ್ಣಿನ ಕಡೆಯವರು ನನ್ನನ್ನು ನೋಡಿದರು, ಗಂಡಿನ ಕಡೆಯವರು ಅವನನ್ನು ನೋಡಿದರು. ಫೋಟೋದಲ್ಲಿ ಎರಡೂ ಮನೆತನಗಳು ಮುನಿಸಿಕೊಂಡು ನಿಂತ ಹಾಗಿದೆ.

“ಅಣ್ಣಾ, ಕೊಂಜಂ ತಳ್ಳಿ ನಿಲ್ಲುಂಗ,” ಎಂದು ಮುರುಗೇಶ ಮೊದಲು ನಗುತ್ತಾ ಹೇಳಿದ. ಸ್ವಲ್ಪ ಸರಿದೆ. ಎರಡನೆಯ ಸಲ, “ಅಣ್ಣಾ, ತಳ್ಳಿ ನಿಲ್ಲುಂಗ,” ಎಂದ. ಮೂರನೆಯ ಸಲ ಬರೀ “ಅಣ್ಣಾ!” ಎಂದ. ಆಮೇಲೆ ಅದನ್ನೂ ಬಿಟ್ಟ.

ಅವನಿಗೆ ಅಡ್ಡ ಬರಬಾರದೆಂಬ ಸದುದ್ದೇಶದಿಂದಲೇ ನಾನು ಪ್ಲಾಸ್ಟಿಕ್ ಕುರ್ಚಿ ಹತ್ತಿದ್ದು. ಕುರ್ಚಿಯ ಕಾಲುಗಳು ನಾಲ್ಕು ದಿಕ್ಕಿಗೆ ಹೊರಟವು. ನಾನು ನೇರವಾಗಿ ಹಣ್ಣಿನ ತಟ್ಟೆಗಳ ಮೇಲೆ ಇಳಿದೆ. ಬಾಳೆಹಣ್ಣುಗಳು ನನ್ನನ್ನು ಕಾಪಾಡಿದವು. ಅವುಗಳನ್ನು ನಾನು ಕಾಪಾಡಲಾಗಲಿಲ್ಲ!

ಪಂಚೆ ಒರೆಸಿಕೊಳ್ಳುತ್ತಿದ್ದಾಗಲೇ ಪುರೋಹಿತರು ಕೂಗಿದರು: “ತಾಯಿಮಾಮ ಎಲ್ಲಿ? ಹುಡುಗೀನ ಕರ್ಕೊಂಡು ಬನ್ನಿ!”

ರುಕ್ಕು ಓಡಿ ಬಂದು ಕ್ಯಾಮೆರಾಕ್ಕೆ ಕೈ ಚಾಚಿದಳು. “ಅದ ಇಲ್ಲಿ ಕೊಡುಂಗ.”

“ಇರ್ಲಿ ಬಿಡು, ಕುತ್ತಿಗೇಲಿ ನೇತಾಡ್ತದೆ.”

ಗಾಯತ್ರಿ ಕೋಣೆಯಿಂದ ಹೊರಬಂದು ನನ್ನ ಕೈ ಹಿಡಿದಳು. ಬೆರಳುಗಳನ್ನು ಬಿಗಿಯಾಗಿ ಹೆಣೆದುಕೊಂಡಳು. ಚಿಕ್ಕವಳಿದ್ದಾಗ ಮಗ್ಗದ ಶೆಡ್ಡಿನ ಸದ್ದಿಗೆ ಹೆದರಿ ಹೀಗೇ ಹಿಡಿಯುತ್ತಿದ್ದಳು. ಮಣೆಗೆ ಇನ್ನು ನಾಲ್ಕೇ ಹೆಜ್ಜೆ ಇತ್ತು. ನಾದಸ್ವರ ಜೋರಾಯಿತು. ಎದುರಿಗೆ ಮುರುಗೇಶ ಮಂಡಿಯೂರಿ ಕೂತಿದ್ದ.

ಆಗ ನನ್ನ ಹಾಳು ಕಣ್ಣು ಸೀರೆಯ ಅಂಚಿನ ಮೇಲೆ ಬಿತ್ತು. ಎರಡು ದಿನ ಅಲೆದು ನಾನೇ ಆರಿಸಿದ ಸೀರೆ. ಅದರ ಜರಿ ಅಂಚಿನಲ್ಲಿ ಒಂದು ಎಳೆ ತಪ್ಪಿದೆ! ಮೂವತ್ತು ವರ್ಷದ ಅಭ್ಯಾಸ ಸುಮ್ಮನಿರುತ್ತದೆಯೇ? ಅಂಗಡಿಯವನಿಗೆ ತೋರಿಸಲು ಸಾಕ್ಷಿ ಬೇಕು. ಬಲಗೈಯಲ್ಲಿ ಹುಡುಗಿ, ಎಡಗೈಯಲ್ಲಿ ಕ್ಯಾಮೆರಾ. ಎತ್ತಿ ಕಣ್ಣಿಗಿಟ್ಟುಕೊಂಡೆ.

“ಮಾಮಾ,” ಎಂದಳು ಗಾಯತ್ರಿ, ಮೆಲ್ಲಗೆ.

“ಇರು ಕಂದಾ, ಅಲ್ಲಾಡ್ಬೇಡ,” ಎಂದೆ.

ನಾನು ಗುಂಡಿ ಒತ್ತಿ ಕ್ಯಾಮೆರಾ ಇಳಿಸುವಷ್ಟರಲ್ಲಿ ಅವಳು ಮಣೆಯ ಮೇಲೆ ಕೂತಾಗಿತ್ತು.

ಮನೆಗೆ ಬಂದು ಫೋಟೋ ದೊಡ್ಡದು ಮಾಡಿ ನೋಡಿದೆ. ಎಳೆ ತಪ್ಪಿರಲಿಲ್ಲ. ಮಲ್ಲಿಗೆ ಕಟ್ಟಿದ ಬಾಳೆನಾರು ಒಂದು ಅಂಚಿಗೆ ಅಂಟಿಕೊಂಡಿತ್ತು. ಉಳಿದ ನಾನೂರು ಫೋಟೋಗಳಲ್ಲೂ ಸೀರೆ, ಪಂಚೆ, ಶಲ್ಯಗಳ ನೇಯ್ಗೆ ಅದ್ಭುತವಾಗಿ ಬಂದಿತ್ತು. ಮುಖಗಳೆಲ್ಲ ಮಸುಕು. ಕ್ಯಾಮೆರಾನೇ ಸರಿಯಿಲ್ಲ ಎಂದೆ. “ಕುಣಿಲಾರದೋಳು ನೆಲ ಡೊಂಕು ಅಂದ್ಳಂತೆ,” ಎಂದಳು ರುಕ್ಕು.

ತಿಂಗಳ ಮೇಲೆ ಆಲ್ಬಮ್ ಬಂತು. ಸರಸುವಿನ ಮನೆಯಲ್ಲಿ ಎಲ್ಲರೂ ಕೂತಿದ್ದೆವು, ಗಂಡಿನ ಅಜ್ಜಿಯೂ ಬಂದಿದ್ದರು. ಹಾಳೆ ತಿರುವುತ್ತಿದ್ದ ಸರಸುವಿನ ಕೈ ಒಂದು ಕಡೆ ನಿಂತಿತು. ನನ್ನ ಬಿಳಿ ಬಟ್ಟೆಯಿಂದ ಸೋಸಿ ಬಂದ ಬೆಳಕು ಗಾಯತ್ರಿಯ ಮೇಲೆ ಹಾಲಿನ ಹಾಗೆ ಬಿದ್ದಿತ್ತು. ತುಂಬಿದ ಕಣ್ಣಲ್ಲಿ ಅವಳು ಮಾವನ ಮುಖವನ್ನೇ ನೋಡುತ್ತಿದ್ದಳು. ಮಾವನ ಮುಖ ಇರಬೇಕಾದಲ್ಲಿ ಒಂದು ಕರಿ ಡಬ್ಬಿ ಇತ್ತು.

“ನಿನ್ನ ಮುಖ ಎಲ್ಲಣ್ಣ?” ಎಂದಳು ಸರಸು. ಬೈದಿದ್ದರೆ ಚೆನ್ನಾಗಿತ್ತು.

ಹೊರಗೆ ಹೋಗಿ ಮುರುಗೇಶನಿಗೆ ಫೋನ್ ಮಾಡಿದೆ. ಬೇರೆ ಯಾವುದಾದರೂ ಇದೆಯೇ ಎಂದು ಕೇಳಿದೆ. “ಹನ್ನೊಂದು ತೆಗೆದಿದ್ದೀನಣ್ಣ,” ಎಂದ. “ಈಗ ಇಳಿಸ್ತೀರಿ, ಈಗ ಇಳಿಸ್ತೀರಿ ಅಂತ ಕಾಯ್ತಾನೇ ಇದ್ದೆ.”

ಒಂದು ವಾರದಿಂದ ಅವನು ಆ ನಾಲ್ಕು ಹೆಜ್ಜೆಗಾಗಿ ಕಾದಿದ್ದ. ಬೆಳಗಿನಿಂದ ಎಲ್ಲರಿಗೂ ಅಡ್ಡ ನಿಂತು ಮುಖ ತೋರಿಸಿದ ನಾನು, ತೋರಿಸಲೇಬೇಕಾದ ಒಂದು ನಿಮಿಷ ಬಚ್ಚಿಟ್ಟುಕೊಂಡಿದ್ದೆ. ನನಗೆ ನಿಜವಾಗಿ ನಾಚಿಕೆಯಾಯಿತು.

ಒಳಗೆ ಬಂದು ಅಜ್ಜಿಯ ಪಕ್ಕದಲ್ಲಿ ಕೂತೆ. ಅವರು ಕನ್ನಡಕ ಸರಿಮಾಡಿಕೊಂಡು ಅದೇ ಹಾಳೆ ನೋಡುತ್ತಿದ್ದರು.

“ಹುಡುಗಿ ಲಕ್ಷಣವಾಗಿ ಬಂದವ್ಳೆ. ಅದ್ಸರಿ, ಈ ಫೋಟೋಕಾರ ಯಾಕೆ ಅವಳ ಕೈ ಹಿಡ್ಕೊಂಡವ್ನೆ?”

“ಅದು ನಮ್ಮಣ್ಣ, ಅಮ್ಮಾ,” ಎಂದಳು ಸರಸು.

ಅಜ್ಜಿ ನನ್ನನ್ನು ನೋಡಿದರು. ಫೋಟೋ ನೋಡಿದರು. ಮತ್ತೆ ನನ್ನನ್ನು ನೋಡಿ ಮರುಗಿದರು.

“ಅಯ್ಯೋ, ತಾಯಿಮಾಮನಾ? ಪಾಪ, ಇವರದೂ ಒಂದು ಫೋಟೋ ತೆಗೀಬೇಕಾಗಿತ್ತಲ್ಲ!”