ಭದ್ರಾವತಿಯಲ್ಲಿ ಮಾತ್ರ ಗೊಣಗುವ ಕಾರು

‘ಗೊತ್ತಿಲ್ಲ’ ಎಂಬ ಪದವನ್ನು ಸಲೀಸಾಗಿ ಹೇಳುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಬಂದು ತೀರ್ಥಹಳ್ಳಿ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರೆ, ‘ಗೊತ್ತಿಲ್ಲ ಸಾರ್’ ಎಂದು ಹೇಳಿ ಮತ್ತೆ ಕಡಲೆಕಾಯಿ ಬಿಡಿಸುತ್ತಾ ನಿಲ್ಲುವವರು ಎಷ್ಟು ಸುಖಿಗಳು! ನನ್ನ ಕಥೆ ಹಾಗಲ್ಲ. ಗೊತ್ತಿದ್ದರೆ ಹೇಳುತ್ತೇನೆ, ಗೊತ್ತಿಲ್ಲದಿದ್ದರೆ ಇನ್ನೂ ವಿವರವಾಗಿ ಹೇಳುತ್ತೇನೆ. ಇದು ವೃತ್ತಿಯಿಂದ ಅಂಟಿಕೊಂಡ ಕಾಯಿಲೆ. ಶಿವಮೊಗ್ಗದ ಒಂದು ಕಾಲೇಜಿನಲ್ಲಿ ನಾನು ಲೈಬ್ರರಿಯನ್. ಸುತ್ತ ಅಷ್ಟೊಂದು ಪುಸ್ತಕ ಪೇರಿಸಿಕೊಂಡು ಕೂತವನು ಗೊತ್ತಿಲ್ಲ ಎಂದರೆ ನೋಡಿದವರು ಏನೆಂದುಕೊಂಡಾರು? ಅದರಲ್ಲೂ ಭದ್ರಾವತಿಯ ನ್ಯೂ ಟೌನಿನಲ್ಲಿರುವ ನನ್ನ ಅತ್ತೆಗೆ ಈ ವಿಷಯದಲ್ಲಿ ಅಪಾರ ನಂಬಿಕೆ. “ನಮ್ಮ ಅಳಿಯಂದ್ರು ಎಲ್ಲಾ ಓದಿರ್ತಾರೆ” ಎಂದು ಬೀದಿಗೆಲ್ಲ ಹೇಳಿಟ್ಟಿದ್ದಾರೆ. ಮದುವೆಯಾದಾಗಿನಿಂದ ಆ ಮಾತನ್ನು ಉಳಿಸಿಕೊಂಡು ಬರುವುದೇ ನನಗೊಂದು ದುಡಿಮೆಯಾಗಿದೆ.

ಇಷ್ಟು ಪೀಠಿಕೆ ಯಾಕೆಂದರೆ ನಾವು ಕೊಂಡ ಕಾರಿನ ಕಥೆ ಹೇಳಬೇಕಾಗಿದೆ. ಹೊಸದಲ್ಲ, ಒಬ್ಬರ ಕೈ ದಾಟಿ ಬಂದದ್ದು. ಆದರೆ ಸಾಮಾನ್ಯ ಕಾರಲ್ಲ, ಆಲ್ ವೀಲ್ ಡ್ರೈವ್. ಹಿಂಬದಿಯ ಡಿಕ್ಕಿಯ ಮೇಲೆ ಬೆಳ್ಳಿಯ ಬಣ್ಣದಲ್ಲಿ ಇಂಗ್ಲಿಷಿನಲ್ಲಿ ‘ಎ ಡಬ್ಲ್ಯೂ ಡಿ’ ಎಂದು ಬರೆದಿತ್ತು. ನಿಜ ಹೇಳಬೇಕೆಂದರೆ ನಾನು ಮನಸೋತದ್ದು ಆ ಮೂರು ಅಕ್ಷರಗಳಿಗೆ. “ನಮಗ್ಯಾಕ್ರೀ ಇದು? ನಾವು ಹತ್ತೋ ಬೆಟ್ಟ ಅಂದ್ರೆ ನಮ್ಮ ಗೇಟಿನ ಮುಂದಿರೋ ಚರಂಡಿ ಚಪ್ಪಡಿ. ಅದಕ್ಕೆ ನಾಲ್ಕೂ ಚಕ್ರ ಎಳೀಬೇಕಾ?” ಎಂದು ನನ್ನ ಹೆಂಡತಿ ವಸುಧಾ ಕೇಳಿದಳು. ನಾನು ಕೊಡಚಾದ್ರಿ, ಜೋಗ, ಕೆಸರು, ಸುರಕ್ಷತೆ ಎಂದು ಅರ್ಧ ಗಂಟೆ ಮಾತಾಡಿದೆ. ಅವಳು ಸೋತು ಒಪ್ಪಿಕೊಂಡಳೇ ಹೊರತು ಮನಸಾರೆ ಒಪ್ಪಲಿಲ್ಲ. ಪಕ್ಕದ ಮನೆಯ ನಾಗರಾಜ್ ಅವರಿಗೂ ಅನುಮಾನ. “ಸಾರ್, ಎಲ್ಲಾರದ್ದೂ ಫೋರ್ ವೀಲರ್ರೇ ಅಲ್ವಾ? ನಿಮ್ದೇನು ಬೇರೆ?” ಎಂದರು. ಎಲ್ಲ ಕಾರಿನಲ್ಲೂ ನಾಲ್ಕು ಚಕ್ರ ಉರುಳುತ್ತವೆ, ನಮ್ಮದರಲ್ಲಿ ಬೇಕೆಂದಾಗ ನಾಲ್ಕೂ ಎಳೆಯುತ್ತವೆ ಎಂದು ಬಿಡಿಸಿ ಹೇಳಿದೆ. “ಹಂಗಾದ್ರೆ ನಮ್ಮ ಕಾರಲ್ಲಿ ಹಿಂದಿನ ಎರಡು ಸುಮ್ನೆ ಜೊತೆಗೆ ಬರ್ತಾ ಇದಾವಾ?” ಎಂದವರು, ತಮ್ಮ ಕಾರಿನ ಹಿಂದಿನ ಚಕ್ರಗಳನ್ನು ಬಹಳ ಹೊತ್ತು ಬೇಸರದಿಂದ ನೋಡುತ್ತಾ ನಿಂತಿದ್ದರು. ಆ ದಿನ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಕಾರಿನ ಜೊತೆ ಒಂದು ದಪ್ಪ ಪುಸ್ತಕವೂ ಬಂದಿತ್ತು, ಮಾಲೀಕರ ಕೈಪಿಡಿ. ಪುಸ್ತಕ ಕಂಡರೆ ನನ್ನ ಕೈ ಸುಮ್ಮನಿರುತ್ತದೆಯೇ? ಅದಕ್ಕೆ ಕಂದು ಕಾಗದದ ರಟ್ಟು ಹಾಕಿದೆ. ಬೆನ್ನಿಗೆ ಚೀಟಿ ಅಂಟಿಸಿ ನಂಬರು ಬರೆದೆ. ಒಳಪುಟದಲ್ಲಿ ‘ಪರಾಮರ್ಶನಕ್ಕೆ ಮಾತ್ರ, ಎರವಲು ಕೊಡುವುದಿಲ್ಲ’ ಎಂದು ದುಂಡಗೆ ಬರೆದು ಡ್ಯಾಶ್‌ಬೋರ್ಡಿನ ಖಾನೆಯೊಳಗೆ ಇಟ್ಟೆ. ಓದಲಿಲ್ಲ. ಲೈಬ್ರರಿಯವರು ಪುಸ್ತಕ ಓದುತ್ತಾ ಕೂತರೆ ಜೋಡಿಸುವವರು ಯಾರು?

ಮೊದಲ ಭಾನುವಾರ ಅತ್ತೆ ಮಾವನನ್ನು ಕೂರಿಸಿಕೊಂಡು ಒಂದು ಸುತ್ತು ಹೋಗೋಣವೆಂದು ಭದ್ರಾವತಿಗೆ ಹೋದೆವು. ಹಿಂದೆ ಕೂತರೆ ಅತ್ತೆಗೆ ತಲೆಸುತ್ತು, ಹಾಗಾಗಿ ಮುಂದಿನ ಸೀಟು ಅವರದು. ಅವರಿಗೆ ಕಾರಿನ ವಿಷಯದಲ್ಲಿ ಇರುವ ಭಯ ಒಂದೇ, ಬಾಗಿಲು. ಎಷ್ಟೋ ವರ್ಷದ ಹಿಂದೆ ಟೆಂಪೋದಲ್ಲಿ ಶಿವಮೊಗ್ಗಕ್ಕೆ ಬರುವಾಗ ಮಲವಗೊಪ್ಪದ ಹತ್ತಿರ ಬಾಗಿಲು ತೆರೆದುಕೊಂಡು, ಮಗಳಿಗೆಂದು ಮಾಡಿದ್ದ ಚಕ್ಕುಲಿಯ ಡಬ್ಬ ರಸ್ತೆಗೆ ಬಿದ್ದು ಉರುಳಿಕೊಂಡು ಹೋಗಿತ್ತಂತೆ. ಈಗಲೂ ಮಲವಗೊಪ್ಪ ಬಂದರೆ ಅವರ ಕೈ ತಾನಾಗಿ ಬಾಗಿಲ ಹಿಡಿಗೆ ಹೋಗುತ್ತದೆ. ಆ ದಿನ ಅವರು ಕೂತಲ್ಲೇ ಕಾರನ್ನೆಲ್ಲ ನೋಡಿ, ಇದೇನು, ಅದೇನು, ಇದು ಒತ್ತಿದರೆ ಏನಾಗುತ್ತದೆ ಎಂದು ಹತ್ತಾರು ಪ್ರಶ್ನೆ ಕೇಳಿದರು. ನಾನು ಒಂದನ್ನೂ ಬಿಡದೆ, ಒಂದಕ್ಕೂ ತಡವರಿಸದೆ ಉತ್ತರ ಕೊಟ್ಟೆ. ವಸುಧಾ ಅಡುಗೆಗೆಂದು ಮನೆಯಲ್ಲೇ ಉಳಿದಿದ್ದಳು, ಮಾವ ಹಿಂದೆ ಕೂತಿದ್ದರು. ಅವರು ಊರಿನ ಉಕ್ಕಿನ ಕಾರ್ಖಾನೆಯ ಮೆಷಿನ್ ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ತಾಗಿಸಿ ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಒಳಗಿನ ಬೇರಿಂಗಿನ ಕಷ್ಟಸುಖ ಅವರಿಗೆ ಕೇಳಿಸುತ್ತದೆ. ಮನುಷ್ಯರು ಮಾತಾಡಿದ್ದು ಮಾತ್ರ ಎರಡು ಸಲ ಹೇಳಬೇಕು.

ಅವರ ಮನೆಯ ಓಣಿಯಿಂದ ಎಡಕ್ಕೆ ತಿರುಗಿಸುತ್ತಿದ್ದೇನೆ, ಕಾರು ‘ಗಕ್, ಗಕ್, ಗಕ್’ ಎಂದು ಗೊಣಗಿತು. ಯಾರೋ ಹಿಂದಿನಿಂದ ಸೆರಗು ಹಿಡಿದು ಜಗ್ಗಿದ ಹಾಗೆ ಮುಗ್ಗರಿಸಿತು. ಮುಂದಿನ ತಿರುವಿನಲ್ಲೂ ಹಾಗೆಯೇ. ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಹತ್ತಿತ್ತು. “ಅದೇನದು ದೀಪ?” ಎಂದು ಮಾವ ಕೇಳಿದರು. ಬಾಗಿಲು ಭದ್ರವಾಗಿದೆ ಎಂದು ಅರ್ಥ ಎಂದೆ. ಮಾವ ಕಣ್ಣು ಮುಚ್ಚಿ ಆಲಿಸಿ, “ಅಳಿಯಂದ್ರೇ, ಇದು ಬಹಳ ದಿನ ಬಾಳೋ ಸದ್ದಲ್ಲ” ಎಂದರು. ದೊಡ್ಡ ರಸ್ತೆಗೆ ಬಂದು ವೇಗ ಹೆಚ್ಚಿದ ಮೇಲೆ ಸದ್ದೂ ಇಲ್ಲ, ದೀಪವೂ ಇಲ್ಲ.

ಮರುದಿನ ಶಿವಮೊಗ್ಗದಲ್ಲಿ ಗ್ಯಾರೇಜಿನ ಇಮ್ತಿಯಾಜ್ ಹತ್ತಿರ ಒಯ್ದೆ. ಅವನು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಂಟರ ಆಕಾರದಲ್ಲಿ ಏಳೆಂಟು ಸುತ್ತು ಹಾಕಿದ. ಕಾರು ತುಟಿ ಪಿಟಕ್ಕೆನ್ನಲಿಲ್ಲ. “ಗಾಡಿ ಏಕ್ದಂ ಬರೋಬರ್ ಐತೆ ಸಾರ್. ನಿಮ್ ಮಾವನೋರ ಕಿವಿ ತೋರಿಸ್ರಿ” ಎಂದ. ಮುಂದಿನ ಭಾನುವಾರ ನ್ಯೂ ಟೌನಿಗೆ ಹೋದರೆ ಮತ್ತೆ ಗಕ್, ಗಕ್. ಹೀಗೆ ಎರಡು ತಿಂಗಳು. ಶಿವಮೊಗ್ಗದಲ್ಲಿ ಹಸುಗೂಸು, ಭದ್ರಾವತಿಗೆ ಹೋದರೆ ಗೊಣಗಾಟ. ಎರಡೂ ಒಂದೇ ನದಿಯ ದಂಡೆಯ ಊರುಗಳಲ್ಲ, ಒಂದು ಭದ್ರೆಯದು, ಒಂದು ತುಂಗೆಯದು ಎಂಬುದು ನಿಜ, ಆದರೆ ಕಾರಿಗೆ ಅದರಿಂದೇನು?

ನನಗೆ ಕುತೂಹಲ ಹತ್ತಿದರೆ ಊಟ ರುಚಿಸುವುದಿಲ್ಲ. ಲೈಬ್ರರಿಗೆ ಕಂಪ್ಯೂಟರ್ ಬಂದ ಮೇಲೆ ಕೆಲಸವಿಲ್ಲದೆ ಬಿದ್ದಿದ್ದ ಹಳೆಯ ಕ್ಯಾಟಲಾಗ್ ಕಾರ್ಡುಗಳನ್ನು ಹೊರತೆಗೆದೆ. ಪ್ರತಿ ಪ್ರಯಾಣಕ್ಕೂ ಒಂದು ಕಾರ್ಡು. ಯಾವ ಊರು, ಯಾವ ತಿರುವು, ಬಿಸಿಲೋ ಮಳೆಯೋ, ಯಾರು ಎಲ್ಲಿ ಕೂತಿದ್ದರು, ಸದ್ದು ಉಂಟೋ ಇಲ್ಲವೋ. ಮೊದಲು ಮಾವನ ತೂಕದ ಮೇಲೆ ಅನುಮಾನ ಬಂತು. ಅವರಷ್ಟೇ ಭಾರದ ಹಳೆಯ ಪತ್ರಿಕೆಯ ಕಟ್ಟುಗಳನ್ನು ಹಿಂದಿನ ಸೀಟಿನಲ್ಲಿ ಪೇರಿಸಿ, ಬೀಳದಿರಲೆಂದು ಬೆಲ್ಟ್ ಕಟ್ಟಿ, ನಮ್ಮ ಬಡಾವಣೆ ವಿನೋಬನಗರವನ್ನೆಲ್ಲ ಸುತ್ತಿದೆ. ನಾಗರಾಜ್ ಅಡ್ಡ ಬಂದು, “ಏನ್ ಸಾರ್, ಪೇಪರಿಗೆಲ್ಲ ಊರು ತೋರಿಸ್ತಿದೀರಾ?” ಎಂದರು. ಅದಕ್ಕೂ ಏನೋ ವಿವರಣೆ ಕೊಟ್ಟೆ. ಸದ್ದು ಬರಲಿಲ್ಲ. ಮಾವ ನಿರಪರಾಧಿಯಾದರು.

ಒಂದು ಸಂಜೆ ಕಾರ್ಡುಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿ ವಿಂಗಡಿಸಿದೆ. ಸದ್ದಿದ್ದವು ಒಂದು ಕಡೆ, ಇಲ್ಲದ್ದು ಇನ್ನೊಂದು ಕಡೆ. ಸದ್ದಿದ್ದ ಒಂದೊಂದು ಕಾರ್ಡಿನಲ್ಲೂ ‘ಮುಂದಿನ ಸೀಟು’ ಎಂಬುದರ ಎದುರಿಗೆ ಒಂದೇ ಹೆಸರು: ಅತ್ತೆ. ಮೊನ್ನೆ ಅತ್ತೆ ಶಿವಮೊಗ್ಗಕ್ಕೆ ಬಂದಿದ್ದಾಗ ಇಲ್ಲಿಯೂ ಸದ್ದಾಗಿತ್ತು. ಅಂದರೆ ಕಾರಿಗೆ ಭದ್ರಾವತಿಯ ಮೇಲೆ ಮುನಿಸಿರಲಿಲ್ಲ. ಈ ಸಂಶೋಧನೆಯನ್ನು ಯಾರ ಮುಂದೆ ಮಂಡಿಸುವುದು? ವಸುಧಾ ಮುಂದೆಯಂತೂ ಸಾಧ್ಯವಿಲ್ಲ. ನಿನ್ನ ಅಮ್ಮ ಕೂತರೆ ಕಾರು ನರಳುತ್ತದೆ ಎಂದು ಹೇಳಿ ಸುಖವಾಗಿ ಬಾಳಿದ ಗಂಡಸನ್ನು ನಾನು ಕಂಡಿಲ್ಲ. ಕಾರ್ಡುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಬೀರುವಿನಲ್ಲಿ ಸೀರೆಗಳ ಕೆಳಗೆ ಬಚ್ಚಿಟ್ಟೆ. ಆಮೇಲೆ ಅದು ಅವಳ ಬೀರು ಎಂದು ನೆನಪಾಗಿ ತೆಗೆದು ಬೇರೆಡೆ ಇಟ್ಟೆ.

ಅಷ್ಟರಲ್ಲಿ ವಸುಧಾ ತೀರ್ಮಾನ ಮಾಡಿಯಾಗಿತ್ತು. “ಅಪ್ಪ ಸದ್ದು ಕೇಳಿ ಹೇಳಿದ್ದು ಯಾವತ್ತೂ ತಪ್ಪಾಗಿಲ್ಲ. ವಯಸ್ಸಾದವರನ್ನ ಈ ಕಾರಲ್ಲಿ ಕೂರಿಸ್ಕೊಂಡು ಓಡಾಡೋಕೆ ನನಗೆ ಧೈರ್ಯ ಇಲ್ಲ ರೀ. ಕೊಟ್ಬಿಡಿ. ಚಿಕ್ಕದೊಂದು ಸಾಕು ನಮಗೆ” ಎಂದಳು. ಮಾವನ ಪರಿಚಯದವರೊಬ್ಬರು, ಹೊಳೆಹೊನ್ನೂರಿನ ಮಂಜಪ್ಪನವರು, ಇಂಥದ್ದೇ ಕಾರು ಹುಡುಕುತ್ತಿದ್ದರಂತೆ. ಸದ್ದಿನ ವಿಷಯ, ಅದು ಮೆಕ್ಯಾನಿಕ್ಕಿಗೆ ಸಿಗದ ವಿಷಯ ಎರಡನ್ನೂ ಮಾವ ಅವರಿಗೆ ಮುಚ್ಚಿಡದೆ ಹೇಳಿದ ಮೇಲೂ, ಭಾನುವಾರ ನ್ಯೂ ಟೌನಿಗೇ ಬಂದು ನೋಡುವುದೆಂದು ಮಾತಾಯಿತು. ನನಗೆ ನಿಜವಾಗಿ ದುಃಖವಾಯಿತು. ಶನಿವಾರ ಕಾರು ತೊಳೆಯುವಾಗ ಆ ಬೆಳ್ಳಿಯ ಮೂರು ಅಕ್ಷರಗಳನ್ನು ನನ್ನ ಕನ್ನಡಕದ ಬಟ್ಟೆಯಿಂದ ಎರಡು ಸಲ ಒರೆಸಿದೆ. ಸದ್ದು ಯಾಕೆ ಬರುತ್ತದೆಂದು ಗೊತ್ತಾಗದೆಯೇ ಅದನ್ನು ಕಳಿಸುವುದು, ಕೊನೆಯ ಹಾಳೆ ಹರಿದ ಪತ್ತೇದಾರಿ ಕಾದಂಬರಿಯನ್ನು ಯಾರಿಗೋ ದಾಟಿಸಿದ ಹಾಗೆ ಅನ್ನಿಸಿತು.

ಭಾನುವಾರ ಬೆಳಿಗ್ಗೆ ಮಂಜಪ್ಪನವರು ಬಂದರು. ಪಂಚೆ, ಬಿಳಿ ಅಂಗಿ, ನಿಧಾನದ ಮನುಷ್ಯ. ಮೂರು ವರ್ಷ ಇಂಥದ್ದೇ ಕಾರು ಇಟ್ಟುಕೊಂಡಿದ್ದರಂತೆ, ಮಗಳಿಗೆ ಕೊಟ್ಟ ಮೇಲೆ ಕೈ ಖಾಲಿ ಅನ್ನಿಸುತ್ತಿದೆಯಂತೆ. “ಒಂದು ರೌಂಡ್ ಹೋಗಿ ಬರಾಣ, ನೀವೇ ಓಡಿಸಿ, ನಾನು ಹಿಂದೆ ಕೂತು ನೋಡ್ತೀನಿ” ಎಂದರು. ಅತ್ತೆ ಚೀಲ ಹಿಡಿದು ಹೊರಬಂದು, “ಮಾರ್ಕೆಟ್ ಕಡೆ ಹೋದ್ರೆ ನನ್ನನ್ನೂ ಬಿಡ್ರಿ” ಎಂದು ಮುಂದಿನ ಸೀಟಿನಲ್ಲಿ ಕೂತರು. ಬೇಡ ಎನ್ನಲು ನನ್ನ ಹತ್ತಿರ ಕಾರ್ಡುಗಳ ಪುರಾವೆಯಿತ್ತು, ಬಾಯಿ ಇರಲಿಲ್ಲ. ಮಾವ ಸ್ಕ್ರೂಡ್ರೈವರ್ ಸಮೇತ, ವಸುಧಾ ಮುಖ ಗಂಟು ಹಾಕಿಕೊಂಡು ಹಿಂದೆ ಹತ್ತಿದರು. ನಾನು ಎಂದಿನಂತೆ ಕನ್ನಡಿ ಸರಿಮಾಡುತ್ತಾ ಬಲಕ್ಕೆ ನೋಡುತ್ತಿದ್ದೆ. ಇಂಜಿನ್ ಶುರು ಮಾಡಿದ್ದೇ ತಡ, ಹಿಂದಿನಿಂದ ಮಂಜಪ್ಪನವರ ದನಿ ಬಂತು.

“ಅಮ್ಮಾ, ಅದನ್ಯಾಕೆ ತಿರುಗಿಸ್ತಾ ಇದೀರಿ?”

ನಾನು ಎಡಕ್ಕೆ ತಿರುಗಿದೆ. ಗೇರಿನ ಪಕ್ಕದಲ್ಲಿ ಒಂದು ಗುಂಡನೆಯ ತಿರುಪು ಇದೆ. ಅತ್ತೆಯ ಕೈ ಅದರ ಮೇಲಿತ್ತು. ಅವರು ಅದನ್ನು ಬಲಕ್ಕೆ ತಿರುಗಿಸಿ ಬಿಟ್ಟರು, ಅದು ತಾನೇ ಹಿಂದಕ್ಕೆ ಬಂದು ಸ್ವಸ್ಥಾನದಲ್ಲಿ ಕೂತಿತು. ಹಳದಿ ದೀಪ ಹತ್ತಿತು.

“ಲಾಕ್ ಮಾಡ್ದೆ ಕಣಪ್ಪಾ. ಬರ್ದಿದೆಯಲ್ಲ ಲಾಕು ಅಂತ. ಬಾಗಿಲು ತೆಕ್ಕೊಂಡ್ಬಿಟ್ರೆ ಏನ್ಗತಿ? ನಾನು ಕೂತ ತಕ್ಷಣ ಮೊದಲು ಇದನ್ನ ಮಾಡ್ತೀನಿ” ಎಂದರು ಅತ್ತೆ.

ಮಂಜಪ್ಪನವರು ನಗಲಿಲ್ಲ, ಅದಕ್ಕೆ ನಾನು ಅವರಿಗೆ ಇಂದಿಗೂ ಋಣಿ. “ಅದು ಬಾಗಿಲಿಗಲ್ಲ ತಾಯೀ. ಕೆಸರಲ್ಲಿ ಹೂತ್ಕೊಂಡಾಗ ಹಾಕೋದು. ಮುಂದಿನ ಚಕ್ರ, ಹಿಂದಿನ ಚಕ್ರ ಎರಡನ್ನೂ ಒಟ್ಟಿಗೆ ಕಟ್ಟಿಹಾಕ್ತದೆ. ಟಾರ್ ರೋಡಲ್ಲಿ ಹಿಂಗೆ ಹಾಕಿ ತಿರುಗಿಸಿದ್ರೆ ಒಂದು ಹೆಚ್ಚು ದೂರ ಹೋಗ್ಬೇಕು ಅಂತದೆ, ಇನ್ನೊಂದು ಬಿಡಲ್ಲ ಅಂತದೆ, ಗಾಡಿ ಒದ್ದಾಡ್ತದೆ. ಸ್ಪೀಡ್ ಜಾಸ್ತಿ ಆದ್ರೆ ತಾನೇ ಬಿಟ್ಕಂತದೆ. ಅದಕ್ಕೇ ನಿಮ್ಮ ಮೆಕ್ಯಾನಿಕ್ಕಿಗೆ ಸಿಕ್ಕಿಲ್ಲ” ಎಂದರು. ಆಮೇಲೆ ಬಹಳ ಸಹಜವಾಗಿ ಕೇಳಿದರು: “ಬಾಗಿಲ ಲಾಕು ಅಂತ ನಿಮಗೆ ಹೇಳಿದ್ದ್ಯಾರು?”

ಆ ಮೊದಲ ಭಾನುವಾರ ನನಗೆ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. “ಇದೇನ್ರೀ ಈ ತಿರುಪು?” ಎಂದು ಅತ್ತೆ ಕೇಳಿದ್ದರು. ಅದರ ಮೇಲಿದ್ದ ಅಕ್ಷರಗಳನ್ನು ಓರೆಗಣ್ಣಿನಿಂದ ನೋಡಿ, ‘ಅದು ಲಾಕು ಅತ್ತೆ, ಬಾಗಿಲಿಗೆ. ನಿಮಗೋಸ್ಕರವೇ ಇಟ್ಟ ಹಾಗಿದೆ’ ಎಂದವನು ನಾನೇ. ಕೈಪಿಡಿ ಅವರ ಮೊಣಕಾಲಿನಿಂದ ಗೇಣು ದೂರದಲ್ಲಿ ಕಂದು ರಟ್ಟು ತೊಟ್ಟು ಕೂತಿತ್ತು. ಅತ್ತೆ ನನ್ನ ಕಡೆ ಒಂದು ಕ್ಷಣ ನೋಡಿದರು. ಆಮೇಲೆ ಮುಂದಿನ ಗಾಜಿನ ಕಡೆ ತಿರುಗಿ, ಚೀಲದ ಹಿಡಿ ಸರಿಮಾಡಿಕೊಳ್ಳುತ್ತಾ ಹೇಳಿದರು: “ಯಾರೋ ಹೇಳಿದ್ರಪ್ಪಾ. ವಯಸ್ಸಾಯ್ತು, ನೆನಪಿಲ್ಲ.”

ಎಂಬತ್ತರ ಹತ್ತಿರ ಬಂದರೂ ಬೀದಿಯ ಎಲ್ಲ ಮೊಮ್ಮಕ್ಕಳ ಹುಟ್ಟಿದ ನಕ್ಷತ್ರ ಹೇಳಬಲ್ಲ ಹೆಂಗಸು ಅವರು.

ಲಾಕು ಬಿಡಿಸಿ ಹೊರಟ ಮೇಲೆ, ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ಬಂದ ತಿರುವುಗಳಲ್ಲಿ ಕಾರು ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ತಿರುಗಿತು. ಮಾವ ಕಣ್ಣು ಮುಚ್ಚಿ ಆಲಿಸಿ, ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡರು. ಮಂಜಪ್ಪನವರಿಗೆ ಕಾರು ಬಹಳ ಹಿಡಿಸಿತು, ಈಗಲೇ ಮಾತು ಮುಗಿಸೋಣ ಎಂದರು. ನಾನು ಬಾಯಿ ತೆರೆಯುವ ಮೊದಲೇ ವಸುಧಾ, “ಇಲ್ಲ ಮಂಜಪ್ಪನೋರೇ, ಬೇಜಾರು ಮಾಡ್ಕೋಬೇಡಿ. ಏನೂ ತೊಂದರೆ ಇಲ್ಲ ಅಂದ್ಮೇಲೆ ನಮಗೇ ಇರ್ಲಿ” ಎಂದಳು. ಅವರು ಕಾಫಿ ಕುಡಿದು, ಮಾರುವ ಮನಸ್ಸಾದರೆ ಮೊದಲು ತಮಗೆ ಹೇಳಬೇಕೆಂದು ಮಾತು ತೆಗೆದುಕೊಂಡು ಹೋದರು. ನನಗೆ ಕಾರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ಮಾವ ನೋಡುತ್ತಿದ್ದರೆಂದು ಬಾನೆಟ್ಟಿನ ಮೇಲೆ ಕೈಯಾಡಿಸಿ ಸುಮ್ಮನಾದೆ. ಹೊರಡುವಾಗ ಅತ್ತೆ ಚಕ್ಕುಲಿಯ ಡಬ್ಬವನ್ನು ಕಿಟಕಿಯಿಂದ ಒಳಗೆ ಕೊಟ್ಟು, “ಬಾಗಿಲು ನೋಡ್ಕೊಳ್ರಿ” ಎಂದಷ್ಟೇ ಹೇಳಿದರು.

ಮಲವಗೊಪ್ಪ ದಾಟಿದ ಮೇಲೆ ವಸುಧಾ ಡ್ಯಾಶ್‌ಬೋರ್ಡಿನ ಖಾನೆ ತೆಗೆದು, ಕೈಪಿಡಿಯನ್ನು ತೊಡೆಯ ಮೇಲಿಟ್ಟುಕೊಂಡು, ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದ ಹಾಳೆಗಳನ್ನು ಒಂದೊಂದಾಗಿ ಬಿಡಿಸುತ್ತಾ ಕೇಳಿದಳು:

“ಅಲ್ಲಾ ರೀ, ಅದು ಬಾಗಿಲ ಲಾಕು ಅಂತ ಅಮ್ಮಂಗೆ ಹೇಳಿದ್ದು ಯಾರಿರಬಹುದು?”

ರಸ್ತೆಯ ಮೇಲೆ ಕಣ್ಣು ನೆಟ್ಟು, ಬಹಳ ಸಲೀಸಾಗಿ, “ಗೊತ್ತಿಲ್ಲ” ಎಂದೆ. ಇಷ್ಟು ವರ್ಷ ಹೊರಡದ ಮಾತು ಹೇಗೆ ಹೊರಟಿತೋ! ಇಷ್ಟೇ ತಾನೇ, ಇದಕ್ಕೆ ಇಷ್ಟು ಹೆದರಿದ್ದೆನಲ್ಲಾ ಎಂದು ನನ್ನ ಬಗ್ಗೆ ನನಗೇ ಮೆಚ್ಚುಗೆಯಾಗುತ್ತಿತ್ತು.

ವಸುಧಾ ಪುಸ್ತಕ ಮುಚ್ಚಿದಳು.

“ಗೊತ್ತಿಲ್ಲ ಅಂದ್ರಾ? ಹಾಗಾದ್ರೆ ನೀವೇ.”