ಎಲ್ಲಿ ಎಂದರೆ ಎಲ್ಲೆ!

ಮೈಸೂರು ಸಂಸ್ಥಾನದಿಂದ ಘಟ್ಟ ಇಳಿದು, ಮಣ್ಣಗುಡ್ಡದ ವಾಚನಾಲಯದಲ್ಲಿ ಮಕ್ಕಳ ವಿಭಾಗದ ಗ್ರಂಥಪಾಲಕನಾಗಿ ಕುರ್ಚಿಯೇರಿದಾಗ, ಮಂಗಳೂರಿನ ಮಕ್ಕಳಿಗೆ ಇನ್ನು ಒಳ್ಳೆಯ ಕಾಲ ಬಂತು ಎಂದುಕೊಂಡೆ. ನನ್ನ ಕನ್ನಡ ಅಷ್ಟು ಶುದ್ಧ! ಕೆಲಸ ಮಾತ್ರ ಆರು ತಿಂಗಳ ಮಟ್ಟಿಗೆ. ಅಧ್ಯಕ್ಷರು ಬಂದು ನೋಡಿ ಮೆಚ್ಚಿದರೆ ಖಾಯಂ ಕಾಗದ ಎಂದು ಮಾತಾಗಿತ್ತು. ಆ ಕಾಗದಕ್ಕೆ ಕಟ್ಟು ಹಾಕಿಸಿ ತೂಗಲೆಂದು ಹೆಂಡತಿ ಗೋಡೆಗೆ ಮೊಳೆಯನ್ನೂ ಹೊಡೆದಿಟ್ಟಿದ್ದಳು.

ಐದನೆಯ ತಿಂಗಳಲ್ಲಿ ಒಂದು ದಿನ, ಅಧ್ಯಕ್ಷರು ನಾಳೆಯೇ ಬರುತ್ತಾರೆ ಎಂದು ಸುದ್ದಿ ಬಂತು. ಕಪಾಟು ನೋಡಿದೆ. ಮುಕ್ಕಾಲು ಖಾಲಿ! ಪುಸ್ತಕಗಳೆಲ್ಲ ಮಕ್ಕಳ ಮನೆಯಲ್ಲಿದ್ದವು. ಸಂಜೆ ಮೊದಲು ಬಂದವಳು ಎಂಟು ವರ್ಷದ ಸುಂದರಿ.

"ಪುಸ್ತಕ ಎಲ್ಲಿ?" ಎಂದೆ.

"ಎಲ್ಲೆ," ಎಂದಳು.

ಕೇಳಿಸಲಿಲ್ಲವೇನೋ ಎಂದು ಬಿಡಿಸಿ ಹೇಳಿದೆ. "ಪುಸ್ತಕ ಎ...ಲ್ಲಿ?"

"ಎ...ಲ್ಲೆ!"

ಅಣಕ! ಅದೂ ಸರಿಯಾಗಿ ಅಣಕಿಸಲೂ ಬಾರದ ಅಣಕ! ಅವಳನ್ನು ಹೊರಗೆ ಕಳುಹಿಸಿದೆ. ಬೆನ್ನಿಗೇ ಬಂದ ಹಮೀದ, "ಎಲ್ಲೆ, ಮಾಸ್ಟ್ರೇ," ಎಂದ. ಗೌರವ ಸೇರಿಸಿ ಅಣಕಿಸುವುದು ಇನ್ನೂ ಘೋರ ಅಪರಾಧ. ದೀಪ ಹಚ್ಚುವ ಹೊತ್ತಿಗೆ ಹದಿನಾಲ್ಕು ಮಕ್ಕಳ ಹೆಸರು ಹೊಡೆದುಹಾಕಿ, ಅಂಗಳದ ಕಡೆಯ ಬಾಗಿಲಿಗೆ ಹೊರಗಿನಿಂದ ಪ್ರಕಟಣೆ ಅಂಟಿಸಿದೆ: "ಗ್ರಂಥಪಾಲಕರ ಪ್ರಶ್ನೆಯನ್ನು ಪ್ರತಿಧ್ವನಿಸತಕ್ಕದ್ದಲ್ಲ. ಪ್ರತಿಧ್ವನಿಸಿದವರಿಗೆ ಪ್ರವೇಶವಿಲ್ಲ." ಸಾಲದೆಂದು ಒಳಗಿನಿಂದ ಚಿಲಕವನ್ನೂ ಹಾಕಿದೆ.

ಮರುದಿನ ಅಧ್ಯಕ್ಷರು ದೊಡ್ಡವರ ಕೋಣೆಯ ಮೂಲಕ ಬಂದರು. ಖಾಲಿ ಕಪಾಟು, ಖಾಲಿ ಬೆಂಚು, ನಡುವೆ ಕೈಮುಗಿದು ನಿಂತ ನಾನು.

"ಎಂತ ಇದು? ಮಕ್ಕಳೇ ಇಲ್ಲ?"

"ಅಣಕಿಸಿದರು ಸ್ವಾಮಿ, ಹೊರಗೆ ಹಾಕಿದೆ. ಪುಸ್ತಕ ಎಲ್ಲಿ ಅಂದರೆ, ಎಲ್ಲೆ ಅಂತಾರೆ!"

ಅಧ್ಯಕ್ಷರು ಮಕ್ಕಳ ಬೆಂಚಿನ ಮೇಲೆ ಕುಸಿದು ಕುಳಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅದು ತುಳು ಮಾರಾಯ್ರೇ! ಎಲ್ಲೆ ಅಂದ್ರೆ ನಾಳೆ. ನಾಳೆ ತರ್ತೇವೆ ಅಂತ ಹೇಳಿದ್ದು ಮಕ್ಕಳು. ಐದು ತಿಂಗಳಾಯ್ತು ನೀವು ಬಂದು, ಇಷ್ಟೂ ಗೊತ್ತಿಲ್ವಾ?"

ಚಿಲಕ ತೆಗೆದೆ. ಅಂಗಳದ ಬಿಸಿಲಿನಲ್ಲಿ ಹದಿನಾಲ್ಕು ಮಕ್ಕಳೂ ಪುಸ್ತಕ ಎದೆಗವಚಿಕೊಂಡು ನಿಂತಿದ್ದರು. ನನ್ನ ಪ್ರಕಟಣೆಯನ್ನು ಓದಿ, ಪಾಪ, ಪಾಲಿಸಿಯೂ ಇದ್ದರು. ಆ ಊರಿನಲ್ಲಿ ನನ್ನ ಶುದ್ಧ ಕನ್ನಡ ಪೂರ್ತಿ ಅರ್ಥವಾದದ್ದು ಅದೊಂದೇ ಸಲ!

"ಈಗ ಮಾತಾಡ್ಬಹುದಾ, ಮಾಸ್ಟ್ರೇ?" ಎಂದಳು ಸುಂದರಿ, ಪುಸ್ತಕ ಚಾಚುತ್ತ.

ಕಪಾಟು ತುಂಬಿತು. ಧೈರ್ಯ ಮಾಡಿ ಅಧ್ಯಕ್ಷರನ್ನು ಕೇಳಿದೆ. "ಸ್ವಾಮಿ, ನನ್ನ ಖಾಯಂ ಕಾಗದ?"

"ಎಲ್ಲೆ," ಎಂದರು.

ಈ ಸಲ ಅರ್ಥವಾಯಿತು! ಮರುದಿನ ಅವರ ಮನೆಗೆ ಹೋದೆ. "ಎಲ್ಲೆ." ಅದರ ಮರುದಿನವೂ "ಎಲ್ಲೆ." ಹೀಗೆ ಎರಡು ವಾರ ನಡೆದೆ. ಮಕ್ಕಳ ಎಲ್ಲೆ ಒಂದೇ ದಿನಕ್ಕೆ ಮುಗಿದಿತ್ತು. ಅಧ್ಯಕ್ಷರ ಎಲ್ಲೆಗೆ ಎಲ್ಲೆಯೇ ಇರಲಿಲ್ಲ!

ಕೊನೆಗೊಂದು ಸಂಜೆ ಹೆಂಡತಿ ಬರಿಯ ಮೊಳೆಯ ಕೆಳಗೆ ನಿಂತು ಕೇಳಿದಳು. "ಕಾಗದ ಎಲ್ಲಿ ರೀ?"

"ಎಲ್ಲೆ," ಎಂದೆ.

ನೆರೆಯವರ ಜೊತೆ ಬಾವಿಕಟ್ಟೆಯಲ್ಲಿ ಅವಳು ತುಳು ಕಲಿತು ಆಗಲೇ ನಾಲ್ಕು ತಿಂಗಳಾಗಿತ್ತಂತೆ. ಶುದ್ಧ ಕನ್ನಡದ ಗಂಡನಿಗೆ ಹೇಳುವ ಗೋಜಿಗೆ ಹೋಗಿರಲಿಲ್ಲ.

"ಹಾಗಾದ್ರೆ ಊಟಾನೂ ಎಲ್ಲೆ!" ಎಂದು ಒಲೆ ಆರಿಸಿದಳು.