ಬಾರದ ರೈಲಿಗೊಬ್ಬ ಕಾರ್ಯದರ್ಶಿ

ಸಿಟ್ಟು ಮಾಡಿಕೊಳ್ಳಲು ಒಂದು ಕಾಯಂ ಕಾರಣ ಇಲ್ಲದ ಮನುಷ್ಯ ಬೇಗ ಮುದುಕನಾಗುತ್ತಾನೆ ಎಂಬುದು ನನ್ನ ನಂಬಿಕೆ. ಕೆಲವರಿಗೆ ನೆರೆಮನೆಯ ಹುಂಜ ಇರುತ್ತದೆ, ಕೆಲವರಿಗೆ ಅಳಿಯ. ನನಗೆ ರೈಲು ಇದೆ. ಇದೆ ಎಂದರೆ, ಇಲ್ಲ. ನಮ್ಮ ಮೂಡುಬಿದಿರೆಗೆ ರೈಲು ಬಂದೇ ಇಲ್ಲ. ಅದೇ ನನ್ನ ಸಿಟ್ಟು. ಬಂಟ್ವಾಳದವರಿಗೆ ನಿಲ್ದಾಣ ಇದೆ. ಅಲ್ಲಿಯವರು ಯಾರಾದರೂ "ನಮ್ಮ ಸ್ಟೇಷನ್ನಿನಲ್ಲಿ ಎಲ್ಲ ಗಾಡಿ ನಿಲ್ಲುವುದಿಲ್ಲ ಮಾರಾಯ್ರೆ" ಎಂದು ಗೊಣಗಿದರೆ ನನ್ನ ಮೈಯೆಲ್ಲ ಉರಿಯುತ್ತದೆ. ಹಸಿದವನ ಎದುರು ಕೂತು ಪಾಯಸಕ್ಕೆ ಬೆಲ್ಲ ಕಮ್ಮಿ ಎಂದ ಹಾಗೆ.

ಹೀಗಿರುವಾಗ ಕಳೆದ ತಿಂಗಳು, ನಾನು ಪಾಠ ಮಾಡಿ ನಿವೃತ್ತನಾದ ಶಾಲೆಯ ಸ್ಮರಣ ಸಂಚಿಕೆಯ ಸಂಪಾದಕರು ಫೋನ್ ಮಾಡಿದರು. ಹುಬ್ಬಳ್ಳಿ ಕಡೆಯಿಂದ ಹೊಸದಾಗಿ ಬಂದವರು. "ಸರ್, ನಿಮ್ಮೂರ ರೈಲ್ವೆ ಸ್ಟೇಷನ್ನಿನ ಇತಿಹಾಸ ಎರಡು ಪುಟ ಬರದು ಕೊಡ್ರಿ" ಎಂದರು. ಸ್ಟೇಷನ್ನೇ ಇಲ್ಲ ಎಂದೆ. "ಇಷ್ಟು ದೊಡ್ಡ ಊರಿಗೆ ಇಲ್ಲೇನ್ರಿ?" ಎಂದು ನಕ್ಕರು. ಆ ನಗು ನನ್ನನ್ನು ಕೆರಳಿಸಿತು. "ಇಲ್ಲದ್ದಕ್ಕೂ ಇತಿಹಾಸ ಉಂಟು. ಎರಡಲ್ಲ, ಹತ್ತು ಪುಟ ಬರೀತೇನೆ" ಎಂದುಬಿಟ್ಟೆ.

ಜಂಬಕ್ಕೆ ಹೇಳಿದ್ದಲ್ಲ. ಒಂದು ಕಾಲದಲ್ಲಿ, ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆಯಿಂದ, ನಾನು ರೈಲು ಹೋರಾಟ ಸಮಿತಿಯ ಕಾರ್ಯದರ್ಶಿಯಾಗಿದ್ದೆ. ಮನವಿ ಬರೆಯುವವನು ನಾನು, ಮಂತ್ರಿಗಳು ಬಂದಾಗ ಹಾರ ಹಿಡಿದವರ ಹಿಂದೆ ಮನವಿ ಹಿಡಿದು ನಿಲ್ಲುವವನು ನಾನು, ಫೋಟೋದಲ್ಲಿ ಅರ್ಧ ಕಿವಿ ಮಾತ್ರ ಕಾಣುವವನೂ ನಾನೇ. ಕೊನೆಗೊಮ್ಮೆ ರೈಲು ಮಾರ್ಗ ಅಳೆಯುವವರು ಬಂದರು, ಅಲ್ಲಲ್ಲಿ ಗೂಟ ಹೊಡೆದರು. ಸಮಿತಿಯ ವತಿಯಿಂದ ಗೋಳಿಬಜೆ, ಚಹಾ ಕೊಡಿಸಿದೆವು. ಸ್ವಲ್ಪ ದಿನ ಓಡಾಡಿ ಹೋದವರು ಮತ್ತೆ ಬರಲಿಲ್ಲ.

ಯಾಕೆ ಬರಲಿಲ್ಲ? ಶಿರ್ತಾಡಿಯಲ್ಲಿರುವ ನನ್ನ ಹೆಂಡತಿಯ ಅಣ್ಣ, ರೈಲು ತಮ್ಮ ಗದ್ದೆಯ ಮೇಲೆ ಹೋಗಬಾರದೆಂದು ತಕರಾರು ಅರ್ಜಿ ಕೊಟ್ಟಿದ್ದರು! ಊರಿಗೆ ಊರೇ ಕಾಯುತ್ತಿರುವಾಗ ಇವರಿಗೆ ಗದ್ದೆ ಮುಖ್ಯ! ಅವರದೇ ಮನೆಯ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ, ಹತ್ತು ಜನರ ಎದುರು, "ನಿಮ್ಮಂಥವರಿಂದಲೇ ಊರು ಉದ್ಧಾರ ಆಗದ್ದು" ಎಂದು ಬಯ್ದೆ. ಭಾವ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು. ಆಮೇಲೆ ನಾನು ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ವರ್ಷಗಟ್ಟಲೆ ಹೆಂಡತಿ ತವರಿಗೆ ಒಬ್ಬಳೇ ಹೋಗಿ ಒಬ್ಬಳೇ ಬಂದಳು. ತತ್ವ ಎಂದರೆ ತತ್ವ.

ಇತಿಹಾಸಕ್ಕಾಗಿ ಅಟ್ಟದಿಂದ ಹಳೆಯ ಫೈಲು ಇಳಿಸಿದೆ. ಹೆಂಡತಿ ಒಂದೊಂದೇ ಕಾಗದ ಓದಿ ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಭಾವನ ಹೆಸರೆತ್ತದೆ "ಕೆಲವು ಸ್ವಾರ್ಥಿಗಳು" ಎಂದಷ್ಟೇ ಬರೆದು, ನನ್ನ ಸಭ್ಯತೆಯನ್ನು ನಾನೇ ಮೆಚ್ಚಿಕೊಂಡೆ. ಅಷ್ಟರಲ್ಲಿ ಅವಳ ಧ್ವನಿ ನಿಧಾನವಾಯಿತು. "ತೋಡಾರಿನ ನಮ್ಮ ಮನೆಯ ಬಾವಿಯ ಪಕ್ಕದಲ್ಲೇ ಗೂಟ ಹೊಡೆದಿರುವುದರಿಂದ, ಸದರಿ ಮಾರ್ಗವನ್ನು ಶಿರ್ತಾಡಿ ಕಡೆಗೆ ಸರಿಸಿಕೊಡಬೇಕಾಗಿ ವಿನಂತಿ." ಕೆಳಗೆ ನನ್ನ ಸಹಿ. ಕಾರ್ಯದರ್ಶಿ ಎಂದಿರಲಿಲ್ಲ, "ನೊಂದ ಪ್ರಜೆ" ಎಂದಿತ್ತು. ತೋಡಾರು ಊರಿನ ಒಂದು ಬದಿ, ಶಿರ್ತಾಡಿ ಇನ್ನೊಂದು ಬದಿ. ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವನು ಬರೆದ ಅರ್ಜಿ ಅದು. ನಿಜ ಹೇಳುತ್ತೇನೆ, ಮರೆತಿದ್ದೆ. ಮರೆಯಲು ಸಾಕಷ್ಟು ಕಷ್ಟಪಟ್ಟಿದ್ದೆ ಎಂಬುದೂ ನಿಜ.

ಹೆಂಡತಿ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಹೇಗೋ ಪಾರಾಗುತ್ತಿದ್ದೆ. ಹಾಳೆಯನ್ನು ಮಡಚಿ ನನ್ನ ಕೈಗಿಟ್ಟು, "ನಾಳೆ ಅಣ್ಣನ ಮನೆಗೆ ಹೋಗುವ. ಇದನ್ನು ನೀವೇ ಓದಿ ಹೇಳಿ" ಎಂದಳು.

ಹೋದೆ. ಭಾವ ಅಂಗಳದಲ್ಲೇ ಸಿಕ್ಕಿದರು. ನಿಂತಲ್ಲೇ ಒಂದೇ ಉಸಿರಿಗೆ ಓದಿ ಮುಗಿಸಿದೆ. ಅವರು ನಕ್ಕರು. "ಗೊತ್ತುಂಟು ಭಾವ. ಅಳೆಯುವವರು ಅದರ ಪ್ರತಿ ಹಿಡ್ಕೊಂಡೇ ನಮ್ಮ ಗದ್ದೆಗೆ ಬಂದದ್ದು. ಅದನ್ನು ನೋಡಿಯೇ ನಾನು ತಕರಾರು ಕೊಟ್ಟದ್ದು."

"ಮತ್ತೆ ಆ ದಿನ ಪಂಕ್ತಿಯಲ್ಲಿ ಯಾಕೆ ಹೇಳ್ಲಿಲ್ಲ?"

"ಎಂತ ಹೇಳುವುದು ಮಾರಾಯ್ರೆ? ಹತ್ತು ಜನರ ಎದುರು ನಿಮ್ಮ ಮರ್ಯಾದೆ ಹೋದ್ರೆ ನನ್ನ ತಂಗಿಯದ್ದೂ ಹೋಗ್ತದಲ್ಲ. ಬನ್ನಿ, ಕೈಕಾಲು ತೊಳೀರಿ, ಊಟ ಮಾಡುವ."

ಈ ಸಲ ತಲೆ ತಗ್ಗಿಸಿ ಅನ್ನ ಕಲಸುವ ಸರದಿ ನನ್ನದಾಗಿತ್ತು. ಹೆಂಡತಿ ಮಾತ್ರ ಅಣ್ಣನಿಗೂ ನನಗೂ ಒಟ್ಟಿಗೇ ಬಡಿಸುತ್ತ, ಎರಡೆರಡು ಸಲ ಸಾರು ಬೇಕೇ ಎಂದು ಕೇಳಿದಳು.

ಮರಳುವಾಗ ಶಿರ್ತಾಡಿಯಲ್ಲಿ ಬಸ್ಸು ಎಷ್ಟು ಕಾದರೂ ಬರಲಿಲ್ಲ. ಬಿಸಿಲು ಬೇರೆ. ನೆತ್ತಿ ಸುಡುತ್ತಿತ್ತು. ಅಭ್ಯಾಸಬಲದಿಂದ ಬಾಯಿ ತೆರೆದುಕೊಂಡೇಬಿಟ್ಟಿತು: "ಈ ಊರಿಗೆ ಒಂದು ರೈಲು ಬಂದಿದ್ದರೆ..."

ಹೆಂಡತಿ ಮೆಲ್ಲನೆ ನನ್ನ ಕಡೆ ತಿರುಗಿದಳು. ಆ ವಾಕ್ಯವನ್ನು ಮುಗಿಸುವ ಧೈರ್ಯ ನನಗೆ ಇನ್ನೂ ಬಂದಿಲ್ಲ.